ಹಲ್ಲು ನೋಡಿ ಕೊಳ್ಳುವ ಕಾರು

ದನದ ಜಾತ್ರೆಗೆ ಹೋದ ರೈತ ಎತ್ತಿನ ಮೈಬಣ್ಣಕ್ಕೆ ಮರುಳಾಗುವುದಿಲ್ಲ. ತುಟಿ ಸರಿಸಿ ಹಲ್ಲು ಎಣಿಸುತ್ತಾನೆ, ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ಕೊಂಬು ಹೆರೆದು ಎಣ್ಣೆ ಸವರಿ ವಯಸ್ಸು ಮುಚ್ಚುವ ದಲ್ಲಾಳಿಯ ಆಟ ಅವನಿಗೆ ಗೊತ್ತು. ಅಮೆರಿಕದಲ್ಲಿ 1967ರ ಷೆವರ್ಲೆ ಕಾರ್ವೆಟ್ ಕನ್ವರ್ಟಿಬಲ್ ಕೊಳ್ಳಲು ಹೊರಟವನು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕೈಯಲ್ಲೊಂದು ಟಾರ್ಚು, ಒಂದು ಸಣ್ಣ ಕನ್ನಡಿ. ಒಳ್ಳೆಯ ಬಟ್ಟೆ ತೊಟ್ಟು ಬರುವುದಿಲ್ಲ, ಯಾಕೆಂದರೆ ಇನ್ನು ಹತ್ತು ನಿಮಿಷಕ್ಕೆ ಅವನು ಕಾರಿನ ಅಡಿಯಲ್ಲಿ ಅಂಗಾತ ಮಲಗಿರುತ್ತಾನೆ.

ಇಂಥ ಕಾರಿನ ಜಾಹೀರಾತು ಸಾಮಾನ್ಯವಾಗಿ ಒಂದೆರಡು ಸಾಲಿನದು. ಚೆನ್ನಾಗಿ ಕಾಪಾಡಿದ ಗಾಡಿ, ಅಸಲಿ ಎಂಜಿನ್, ನಂಬರ್ ಮ್ಯಾಚಿಂಗ್, ಮಡಚುವ ಟಾಪ್, ಕಾಗದಪತ್ರ ಇವೆ. ಈ ಒಂದೊಂದು ಮಾತಿಗೂ ಸಾವಿರಾರು ಡಾಲರ್ ತೂಕ. ಮೋಸಕ್ಕೆ ಜಾಗ ಇರುವುದೂ ಇದೇ ಮಾತುಗಳಲ್ಲಿ.

ಈ ಕಾರಿನ ಹುಟ್ಟು ಅಷ್ಟೇನೂ ವೈಭವದ್ದಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರು ಬ್ರಿಟನ್ನಿನ ಎಂಜಿ, ಜಾಗ್ವಾರ್‌ಗಳ ರುಚಿ ಹತ್ತಿಸಿಕೊಂಡಿದ್ದರು. ದೋಣಿಯಂಥ ದೊಡ್ಡ ಕಾರುಗಳನ್ನೇ ಮಾಡುತ್ತಿದ್ದ ಜನರಲ್ ಮೋಟಾರ್ಸ್‌ನಲ್ಲಿ ವಿನ್ಯಾಸದ ಮುಖ್ಯಸ್ಥನಾಗಿದ್ದ ಹಾರ್ಲಿ ಅರ್ಲ್, ನಮ್ಮದೂ ಒಂದು ಎರಡು ಸೀಟಿನ ಗಾಡಿ ಇರಲಿ ಎಂದು ಹಟ ಹಿಡಿದ. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನ ಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಜೂನ್ ಕೊನೆಗೆ ಮಿಷಿಗನ್‌ನ ಫ್ಲಿಂಟ್‌ನಲ್ಲಿ ತಯಾರಿ ಶುರು. ಆ ವರ್ಷ ಹೊರಬಂದದ್ದು 300 ಕಾರು, ಎಲ್ಲವೂ ಬಿಳಿ, ಒಳಗೆ ಕೆಂಪು. ಬಾಗಿಲಿಗೆ ಹೊರಗಡೆ ಹಿಡಿಯೇ ಇರಲಿಲ್ಲ, ಒಳಗೆ ಕೈ ಹಾಕಿ ತೆಗೆಯಬೇಕಿತ್ತು. ಕಿಟಕಿಗೆ ಗಾಜಿಲ್ಲ, ಸಿಕ್ಕಿಸುವ ಪರದೆ ಮಾತ್ರ. ಎಂಜಿನ್ ಆರು ಸಿಲಿಂಡರಿನದು, 150 ಅಶ್ವಶಕ್ತಿ. ಗೇರ್‌ಬಾಕ್ಸ್ ಎರಡೇ ಹಂತದ ಆಟೋಮ್ಯಾಟಿಕ್. ಸ್ಪೋರ್ಟ್ಸ್ ಕಾರು ಎಂದು ಬೋರ್ಡು ಹಾಕಿಕೊಂಡ ಸಂಸಾರಸ್ಥರ ಗಾಡಿ ಅದು. 1954ರಲ್ಲಿ 3,640 ಮಾಡಿದರು, ಕೊಳ್ಳುವವರಿಲ್ಲದೆ ರಾಶಿ ಉಳಿಯಿತು. 1955ರಲ್ಲಿ ಮಾಡಿದ್ದು 700 ಮಾತ್ರ. ಅದೇ ವರ್ಷ ಎದುರಾಳಿ ಫೋರ್ಡ್ ಕಂಪನಿಯ ಥಂಡರ್‌ಬರ್ಡ್ 16 ಸಾವಿರ ದಾಟಿತ್ತು.

ಕಾರ್ವೆಟ್ ಅಲ್ಲಿಗೇ ಮುಗಿಯಬೇಕಿತ್ತು. ಉಳಿಸಿದ್ದು ವಿ8 ಎಂಜಿನ್ ಮತ್ತು ಜೋರಾ ಆರ್ಕಸ್ ಡಂಟೋವ್ ಎಂಬ ಎಂಜಿನಿಯರ್. ಬ್ರಸೆಲ್ಸ್‌ನಲ್ಲಿ ರಷ್ಯನ್ ದಂಪತಿಗೆ 1909ರಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ಓದಿ, ಯುದ್ಧಕಾಲದಲ್ಲಿ ಅಮೆರಿಕಕ್ಕೆ ಬಂದವನು. ವಾಲ್ಡಾರ್ಫ್‌ನಲ್ಲಿ ಕಾರು ನೋಡಿದ, ರೂಪ ಮೆಚ್ಚಿದ, ಒಳಗಿನ ಯಂತ್ರ ನೋಡಿ ಬೇಸರಪಟ್ಟ, ಕೆಲಸ ಕೊಡಿ ಎಂದು ಕಂಪನಿಗೆ ಬರೆದ. ಅದೇ ವರ್ಷ ಕೆಲಸ ಸಿಕ್ಕಿತು. ಅಲ್ಲಿಂದ ಎರಡು ದಶಕ ಆ ಕಾರು ಅವನದೇ ಮಗುವಿನಂತೆ ಬೆಳೆಯಿತು. 1996ರಲ್ಲಿ ತೀರಿಕೊಂಡ ಅವನ ಚಿತಾಭಸ್ಮ ಇರುವುದೂ ಕೆಂಟುಕಿಯ ಬೌಲಿಂಗ್ ಗ್ರೀನ್‌ನಲ್ಲಿರುವ ಕಾರ್ವೆಟ್ ಮ್ಯೂಸಿಯಂನಲ್ಲೇ.

ಇವತ್ತು ಸಂಗ್ರಹಕಾರರು ಹೆಚ್ಚು ಬೆನ್ನು ಹತ್ತುವುದು 1963ರಿಂದ 1967ರವರೆಗಿನ ಎರಡನೇ ತಲೆಮಾರಿನ ಕಾರುಗಳನ್ನು. ಹೆಸರು ಸ್ಟಿಂಗ್ ರೇ, ಅಂದರೆ ನಮ್ಮ ಕರಾವಳಿಯವರು ತೊರಕೆ ಎನ್ನುವ ಚಪ್ಪಟೆ ಮೀನು. ಬಿಲ್ ಮಿಚೆಲ್ ಮುಂದೆ ನಿಂತು ಮಾಡಿಸಿದ, ಲ್ಯಾರಿ ಶಿನೋಡಾ ಗೆರೆ ಎಳೆದ ಆಕಾರ. ಹೆಡ್‌ಲೈಟುಗಳು ಮೋಟರಿನಿಂದ ತಿರುಗಿ ಒಳಗೆ ಅಡಗುತ್ತವೆ. ಕನ್ವರ್ಟಿಬಲ್‌ನ ಬಟ್ಟೆಯ ಟಾಪನ್ನು ಕೈಯಿಂದಲೇ ಮಡಚಿ ಸೀಟಿನ ಹಿಂದಿನ ಫೈಬರ್ ಮುಚ್ಚಳದ ಅಡಿಗೆ ಸೇರಿಸಿದರೆ, ಟಾಪ್ ಅನ್ನುವುದು ಇತ್ತೆಂಬ ಕುರುಹೂ ಹೊರಗೆ ಕಾಣದು. ಮುಚ್ಚಿದ ಕೂಪೆಗಿಂತ ತೆರೆದ ಕಾರೇ ಆಗ ಅಗ್ಗ. 1963ರಲ್ಲಿ ಕನ್ವರ್ಟಿಬಲ್‌ಗೆ 4,037 ಡಾಲರ್, ಕೂಪೆಗೆ ಇನ್ನೂರು ಡಾಲರ್ ಮೇಲೆ.

ಆ ಕೂಪೆಯದೇ ಒಂದು ಕಥೆ ಇಲ್ಲಿ ಹೇಳಿಬಿಡಬೇಕು. 1963ರ ಕೂಪೆಯ ಹಿಂಗಾಜನ್ನು ನಡುವೆ ಒಂದು ಪಟ್ಟಿ ಎರಡಾಗಿ ಸೀಳುತ್ತಿತ್ತು. ಮಿಚೆಲ್‌ಗೆ ಅದು ಪ್ರಾಣ. ಡಂಟೋವ್‌ಗೆ ಹಿಂದಿನ ದಾರಿ ಕಾಣದಂತೆ ಮಾಡುವ ಪೀಡೆ. ಮರುವರ್ಷ ಆ ಪಟ್ಟಿ ಹೋಯಿತು. ಆಗ ಕೆಲವು ಮಾಲೀಕರು ತಮ್ಮ ಕಾರು ಹಳೆಯದಾಗಿ ಕಾಣಬಾರದೆಂದು ಪಟ್ಟಿ ಕತ್ತರಿಸಿ ತೆಗೆಸಿ 1964ರ ಒಂಟಿ ಗಾಜು ಕೂರಿಸಿದರು. ಆಮೇಲೆ ಒಂದೇ ವರ್ಷ ಬಂದ ಆ ಸೀಳುಗಾಜಿಗೇ ಬೇಡಿಕೆ ಏರಿದಾಗ ಅವರ ಪಾಡು ಏನಾಗಿರಬೇಕು, ನೀವೇ ಊಹಿಸಿ.

1967 ಈ ತಲೆಮಾರಿನ ಕೊನೆಯ ವರ್ಷ. ಅಸಲಿಗೆ ಆ ವರ್ಷವೇ ಹೊಸ ಆಕಾರ ಬರಬೇಕಿತ್ತು, ಕೆಲಸ ತಡವಾಯಿತು. ಹಾಗಾಗಿ ಹಳೆಯದನ್ನೇ ಒಂದು ವರ್ಷ ಎಳೆದರು, ಹೊಳೆಯುವ ಅಲಂಕಾರಗಳನ್ನು ಕಡಿಮೆ ಮಾಡಿದರು. ಸಾಲ ತೀರದೆ ಇನ್ನೊಂದು ವರ್ಷ ಉಟ್ಟ ಸೀರೆಯೇ ಎಲ್ಲಕ್ಕಿಂತ ಚೆನ್ನಾಗಿ ಒಪ್ಪಿದ ಹಾಗೆ, ಅದೇ ಎಲ್ಲರ ಮೆಚ್ಚಿನ ವರ್ಷವಾಯಿತು. ಒಟ್ಟು 22,940 ಕಾರುಗಳಲ್ಲಿ 14,436 ಕನ್ವರ್ಟಿಬಲ್. ಸಾಧಾರಣ ಎಂಜಿನ್ 327 ಘನ ಇಂಚಿನದು, ಅಂದರೆ ಸುಮಾರು 5.4 ಲೀಟರ್, 300 ಅಶ್ವಶಕ್ತಿ. ದೊಡ್ಡದು 427 ಘನ ಇಂಚು, ಏಳು ಲೀಟರ್. ಅದರಲ್ಲೂ ರೇಸಿಗೆಂದೇ ಮಾಡಿದ ಎಲ್88 ಎಂಬ ಎಂಜಿನ್ ಇತ್ತು. ಯಾರೂ ಸುಮ್ಮನೆ ಆಸೆಪಟ್ಟು ಕೊಳ್ಳದಿರಲಿ ಎಂದು ಕಂಪನಿ ಅದರ ಶಕ್ತಿಯನ್ನು 430 ಎಂದು ಕಡಿಮೆ ಬರೆಯಿತು, ಹೀಟರ್ ಕಿತ್ತುಹಾಕಿತು, ರೇಡಿಯೊ ಕೊಡಲಿಲ್ಲ. ಆ ವರ್ಷ ಹೋದದ್ದು 20 ಕಾರು. 2014ರ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ ಅಂಥದೊಂದು ಕೆಂಪು ಕೂಪೆ 38.5 ಲಕ್ಷ ಡಾಲರಿಗೆ ಹೋಯಿತು. ಅದೇ ವರ್ಷದ, ಅದೇ ಸಾಲಿನಲ್ಲಿ ಕೂಡಿಸಿದ, ದೂರದಿಂದ ಅದೇ ಥರ ಕಾಣುವ 327ರ ಕಾರು ಅದರ ಸಣ್ಣ ಚೂರಿಗೆ ಸಿಗುತ್ತದೆ. ವ್ಯತ್ಯಾಸವೆಲ್ಲ ಬಾನೆಟ್ ಅಡಿಯ ಕಬ್ಬಿಣದ ದಿಮ್ಮಿಯಲ್ಲಿ ಮತ್ತು ಅದರ ಮೇಲೆ ಹೊಡೆದ ಅಂಕಿಗಳಲ್ಲಿ.

ಸೆಕೆಂಡ್ ಹ್ಯಾಂಡ್ ಬೈಕು ಕೊಂಡವರಿಗೆಲ್ಲ ಗೊತ್ತಿರುವ ಒಂದು ಕೆಲಸವಿದೆ. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಟಿಒ ಅರ್ಜಿಗೆ ಅಂಟಿಸುವುದು. ನಮಗೆ ಅದೊಂದು ತಾಪತ್ರಯ. ಕಾರ್ವೆಟ್ ಲೋಕದಲ್ಲಿ ಅದೇ ಇಡೀ ವ್ಯಾಪಾರ.

1967ರ ಕಾರಿನಲ್ಲಿ ಗಾಡಿಯ ನಂಬರ್ ಇರುವುದು ಗ್ಲೋವ್ ಬಾಕ್ಸ್ ಕೆಳಗಿನ ಅಡ್ಡಪಟ್ಟಿಯ ಮೇಲೆ. 194677ಎಸ್ ಎಂದು ಶುರುವಾದರೆ ಓದುವುದು ಹೀಗೆ: 194 ಕಾರ್ವೆಟ್, 67 ಕನ್ವರ್ಟಿಬಲ್, ಆಮೇಲಿನ 7 ವರ್ಷ, ಎಸ್ ಅಂದರೆ ಮಿಸೌರಿಯ ಸೇಂಟ್ ಲೂಯಿಸ್ ಕಾರ್ಖಾನೆ. ನಡುವಿನ 67 ಅನ್ನು ವರ್ಷ ಎಂದುಕೊಂಡು ಎಡವುವವರು ಬಹಳ. ಕೂಪೆಯಾದರೆ ಅಲ್ಲಿ 37 ಇರುತ್ತದೆ. ಕೊನೆಯ ಆರು ಅಂಕಿ ಕ್ರಮಸಂಖ್ಯೆ, 100001ರಿಂದ 122940ರವರೆಗೆ. ಅದೇ ಕ್ರಮಸಂಖ್ಯೆಯನ್ನು ಕಾರ್ಖಾನೆಯಲ್ಲಿ ಎಂಜಿನ್ ಮೇಲೂ ಹೊಡೆಯುತ್ತಿದ್ದರು. ಬಲಗಡೆ ಸಿಲಿಂಡರ್ ಹೆಡ್ಡಿನ ಮುಂದೆ, ಎರಡು ಬೆರಳಗಲದ ಒಂದು ಸಪಾಟು ಜಾಗವಿದೆ. ಎಣ್ಣೆ, ಬಣ್ಣ, ಕೊಳೆ ಒರೆಸಿದರೆ ಅಲ್ಲಿ ಅಂಕಿಗಳು ಮೂಡುತ್ತವೆ. ಎರಡೂ ಒಂದೇ ಆದರೆ ನಂಬರ್ ಮ್ಯಾಚಿಂಗ್. ಹುಟ್ಟಿದ ಎಂಜಿನ್ ಹುಟ್ಟಿದ ಗಾಡಿಯಲ್ಲೇ ಇದೆ ಎಂದರ್ಥ.

ಅಷ್ಟಕ್ಕೆ ತೃಪ್ತಿಪಡುವವನು ಹೊಸಬ. ಪಳಗಿದವನು ತಾರೀಕು ನೋಡುತ್ತಾನೆ. ಎಂಜಿನ್ ದಿಮ್ಮಿ ಎರಕ ಹೊಯ್ದ ದಿನ ಅದರ ಮೈಮೇಲೆಯೇ ಉಬ್ಬಕ್ಷರದಲ್ಲಿರುತ್ತದೆ. ಎ ಅಂದರೆ ಜನವರಿ, ಬಿ ಫೆಬ್ರುವರಿ, ಹೀಗೆ ಎಲ್ ಅಂದರೆ ಡಿಸೆಂಬರ್. ಬಿ 15 7 ಎಂದಿದ್ದರೆ 1967ರ ಫೆಬ್ರುವರಿ 15. ಎಂಜಿನ್ ಕೂಡಿಸಿದ ದಿನ ಮುಂದಿನ ಸಪಾಟು ಜಾಗದಲ್ಲಿರುತ್ತದೆ, ಟಿ ಅಕ್ಷರವಿದ್ದರೆ ಅದು ನ್ಯೂಯಾರ್ಕ್ ರಾಜ್ಯದ ಟೊನವಾಂಡಾದಿಂದ ಬಂದ ದೊಡ್ಡ ಎಂಜಿನ್. ಮೊದಲು ಎರಕ, ಆಮೇಲೆ ಎಂಜಿನ್, ಆಮೇಲೆ ಕಾರು. ಫೆಬ್ರುವರಿಯಲ್ಲಿ ತಯಾರಾದ ಕಾರಿನಲ್ಲಿ ಏಪ್ರಿಲ್‌ನಲ್ಲಿ ಎರಕವಾದ ಎಂಜಿನ್ ಕೂತಿದ್ದರೆ, ತಂದೆಗಿಂತ ಮೊದಲು ಮಗ ಹುಟ್ಟಿದ ಲೆಕ್ಕ.

ಇಲ್ಲೊಂದು ತೊಡಕಿದೆ. ಹಳೆ ಎಂಜಿನ್ ಬಿಚ್ಚಿ ಬೋರ್ ಮಾಡಿಸುವಾಗ ದಿಮ್ಮಿಯ ಮೇಲ್ಮೈಯನ್ನು ಮೆಷಿನ್ನಿನಲ್ಲಿ ಸವೆಸಿ ಸಮ ಮಾಡುವುದು ವಾಡಿಕೆ. ನಂಬರಿನ ಸಪಾಟು ಜಾಗ ಅದೇ ಮಟ್ಟದಲ್ಲಿದೆ. ಪ್ರಾಮಾಣಿಕ ಮೆಕ್ಯಾನಿಕ್ ತನ್ನ ಪಾಡಿಗೆ ಒಳ್ಳೆಯ ಕೆಲಸ ಮಾಡಿ ಕಾರಿನ ಜಾತಕವನ್ನೇ ಅಳಿಸಿಬಿಡುತ್ತಾನೆ. ಆಮೇಲೆ ಯಾರೋ ಒಬ್ಬ ಅದೇ ನಂಬರನ್ನು ಮತ್ತೆ ಹೊಡೆಯುತ್ತಾನೆ. ಇನ್ನೊಬ್ಬ ಬೇರೆ ಕಾರಿನ ಎಂಜಿನ್ ತಂದು, ಉದ್ದೇಶಪೂರ್ವಕವಾಗಿ ಸವೆಸಿ, ಸುಳ್ಳು ನಂಬರ್ ಹೊಡೆಯುತ್ತಾನೆ. ಇವೆರಡರಿಂದ ಅಸಲಿಯನ್ನು ಬೇರೆ ಮಾಡುವುದು ಹೇಗೆ? ಕಾರ್ಖಾನೆಯಲ್ಲಿ ಆ ಮೇಲ್ಮೈ ಕೊರೆಯುತ್ತಿದ್ದ ಉಪಕರಣ ಹಿಂದಿನಿಂದ ಮುಂದಕ್ಕೆ ಕೂದಲೆಳೆಯಂಥ ನೇರ ಗೀರುಗಳನ್ನು ಬಿಡುತ್ತಿತ್ತು. ಊರ ವರ್ಕ್‌ಶಾಪಿನ ಕಲ್ಲು ಸುತ್ತುಗೀರು ಬಿಡುತ್ತದೆ. ಲಕ್ಷ ಲಕ್ಷ ಡಾಲರ್ ಕೈ ಬದಲಾಯಿಸುವ ಮುನ್ನ ಒಬ್ಬ ವಯಸ್ಸಾದ ಪರಿಣತ ಭೂತಗನ್ನಡಿ ಹಿಡಿದು ಈ ಗೀರುಗಳ ಮೇಲೆ ಬಗ್ಗಿರುತ್ತಾನೆ.

ಕಂಪನಿಯನ್ನೇ ಕೇಳಿದರಾಯಿತಲ್ಲ ಎನ್ನಬಹುದು. ಅದೇ ಜನರಲ್ ಮೋಟಾರ್ಸ್‌ನ ಪಾಂಟಿಯಾಕ್ ವಿಭಾಗದ ದಾಖಲೆಗಳು ಉಳಿದಿವೆ, ಅಮೆರಿಕದಲ್ಲೇ ಮಾರಿದ ಆ ಕಾಲದ ಷೆವರ್ಲೆಗಳದು ಉಳಿದಿಲ್ಲ. ಉಳಿದಿರುವ ದಾಖಲೆ ಇದ್ದರೆ ಅದು ಇರುವುದು ವಿಚಿತ್ರ ಜಾಗದಲ್ಲಿ. 1967ರ ಹೊತ್ತಿಗೆ ಕಾರ್ಖಾನೆಯ ಕೆಲಸಗಾರರು ಆಯಾ ಕಾರಿಗೆ ಏನೇನು ಹಾಕಬೇಕೆಂಬ ಹಾಳೆಯನ್ನು ಪೆಟ್ರೋಲ್ ಟ್ಯಾಂಕಿನ ನೆತ್ತಿಗೆ ಅಂಟಿಸುತ್ತಿದ್ದರು. ಯಾವ ಎಂಜಿನ್, ಯಾವ ಬಣ್ಣ, ಯಾವ ಡೀಲರು, ಎಲ್ಲ ಅದರಲ್ಲಿ. ಮುಂದೊಂದು ದಿನ ಅದು ಆಸ್ತಿಪತ್ರವಾಗಲಿದೆ ಎಂದು ಅವರಿಗೇನು ಗೊತ್ತು? ಅದನ್ನು ನೋಡಬೇಕಾದರೆ ಟ್ಯಾಂಕ್ ಕೆಳಗಿಳಿಸಬೇಕು. ಇಳಿಸಿದಾಗ ಒಮ್ಮೆ ಪೂರ್ತಿ ಹಾಳೆ ಸಿಗುತ್ತದೆ, ಒಮ್ಮೆ ಅಂಟಿನ ಕಲೆ ಮಾತ್ರ.

ಇನ್ನು ಮೈಯ ಮಾತು. ಫೈಬರ್ ಬಾಡಿ, ತುಕ್ಕು ಹಿಡಿಯುವುದಿಲ್ಲ ಎಂದು ಮಾರುವವನು ಹೇಳುತ್ತಾನೆ. ಮಾತು ನಿಜ, ಸಂಗತಿ ಸುಳ್ಳು. ಹಳೆ ಅಂಬಾಸಡರ್ ಕೊಳ್ಳುವಾಗ ಅಯಸ್ಕಾಂತ ಹಿಡಿದು ಎಲ್ಲೆಲ್ಲಿ ಪುಟ್ಟಿ ಮೆತ್ತಿದ್ದಾರೆ ಎಂದು ಪತ್ತೆಹಚ್ಚುವ ನಮ್ಮ ಉಪಾಯ ಇಲ್ಲಿ ನಡೆಯದು, ಫೈಬರಿಗೆ ಅದು ಎಲ್ಲಿಯೂ ಕಚ್ಚುವುದಿಲ್ಲ. ಆದರೆ ಆ ಫೈಬರಿನ ಒಳಗೆ ಗಾಜಿನ ಸುತ್ತ, ಬಾಗಿಲ ಕಂಬಗಳಲ್ಲಿ, ಸೀಟುಗಳ ಸುತ್ತ ಉಕ್ಕಿನ ಪಂಜರವೊಂದಿದೆ. ಬಳಗದವರು ಅದನ್ನು ಕರೆಯುವುದೂ ಹಕ್ಕಿಪಂಜರವೆಂದೇ. ಕನ್ವರ್ಟಿಬಲ್‌ನ ಟಾಪಿನ ರಬ್ಬರು ಒಣಗಿದರೆ ಮಳೆನೀರು ಗಾಜಿನ ಮೂಲೆಯಲ್ಲಿ ಇಳಿದು ಆ ಕಂಬಗಳ ಬುಡ ಸೇರುತ್ತದೆ. ಹೊರಗೆ ಕನ್ನಡಿಯಂಥ ಬಣ್ಣ, ಒಳಗೆ ಗೆದ್ದಲು ತಿಂದ ತೊಲೆ. ಚಾಲಕನ ಕಾಲಿನ ಪಕ್ಕದ ಹಲಗೆ ಬಿಚ್ಚಿ ಟಾರ್ಚು ಹಾಕಿದರೆ ಮಾತ್ರ ಕಾಣುತ್ತದೆ. ಹಿಂಚಕ್ರದ ಮುಂದೆ ಚಾಸಿಸ್ ಮೇಲೇಳುವ ತಿರುವು ಇನ್ನೊಂದು ಕೊಳೆಯುವ ಜಾಗ.

ಫೈಬರಿಗೂ ಅದರದೇ ಹಲ್ಲುಗಳಿವೆ. ಕಾರ್ಖಾನೆಯ ಹಲಗೆಗಳನ್ನು ಅಚ್ಚಿನಲ್ಲಿ ಒತ್ತಿ ಮಾಡುತ್ತಿದ್ದರು. ಎರಡೂ ಬದಿ ನಯ. ಅಪಘಾತದ ನಂತರ ಕೈಯಿಂದ ಪದರ ಹಾಕಿ ಮಾಡಿದ ಹಲಗೆಯ ಒಳಮೈ ಗೋಣಿಯಂತೆ ಒರಟು. ಹಲಗೆಗಳು ಕೂಡುವಲ್ಲಿ ಹಿಂದೆ ಅಂಟಿಸಿದ ಪಟ್ಟಿಗಳಿರುತ್ತವೆ, ಅವು ಜಾಗ ಬಿಟ್ಟಿದ್ದರೆ ಮೂಗು ಬದಲಾದ ಕಾರು. ಚಕ್ರದ ಗೂಡಿನೊಳಗೆ ಕೈಹಾಕಿ ತಡವಿದರೆ ಸಾಕು, ಕಣ್ಣಿಗಿಂತ ಬೆರಳು ಬೇಗ ಹೇಳುತ್ತದೆ.

ಹೀಗೆ ನೋಡುತ್ತ ಹೋದರೆ ಈ ಲೋಕದ ಒಂದು ತಲೆಕೆಳಗಾದ ನ್ಯಾಯ ಕಾಣುತ್ತದೆ. 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ ಎಂಬ ಸಂಘವಿದೆ. ಕಾರುಗಳನ್ನು ಭಾಗಭಾಗವಾಗಿ ನೋಡಿ ಅಂಕ ಕೊಡುತ್ತಾರೆ. ನೂರಕ್ಕೆ 94 ಬಂದರೆ ಮೊದಲ ದರ್ಜೆ. ಅಳತೆಗೋಲು ಅಂದ ಅಲ್ಲ, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗಿದೆಯೇ ಎಂಬುದು. ಸೇಂಟ್ ಲೂಯಿಸ್‌ನ ಕೆಲಸಗಾರರು ಕಲಾವಿದರೇನಲ್ಲ. ಬಣ್ಣ ಕಿತ್ತಳೆ ಸಿಪ್ಪೆಯಂತೆ ತರಿತರಿ, ಅಂಟು ಸೋರಿಕೆ, ಚಾಸಿಸ್ ಮೇಲೆ ಬಳಪದ ಗೀಚು. ಈಗಿನ ಮಾಲೀಕ ದುಬಾರಿ ಬಣ್ಣ ಹೊಡೆಸಿ ಕನ್ನಡಿ ಮಾಡಿದರೆ ಅಂಕ ಕಡಿತ. ಹಾಗಾಗಿ ನುರಿತ ಕೈಗಳು ಅಂದಿನ ಅಡ್ಡಾದಿಡ್ಡಿ ಕೆಲಸವನ್ನು ಇಂದು ಕಷ್ಟಪಟ್ಟು ಅಡ್ಡಾದಿಡ್ಡಿಯಾಗಿಯೇ ಮಾಡುತ್ತವೆ, ಬಳಪದ ಗೀಚನ್ನೂ ಫೋಟೊ ನೋಡಿ ಗೀಚುತ್ತವೆ. ನನಗೆ ಇದು ಅರ್ಧ ಭಕ್ತಿ, ಅರ್ಧ ಹುಚ್ಚು ಎನ್ನಿಸುತ್ತದೆ. ಆದರೆ ಇದೇ ಹುಚ್ಚಿನಿಂದ ಒಂದು ಒಳ್ಳೆಯದಾಗಿದೆ. ಯಾರೂ ಕೈಯಿಡದ, ಬಣ್ಣ ಬಿರುಕುಬಿಟ್ಟ, ಸೀಟು ಸವೆದ, ಹುಟ್ಟಿದಂತೆಯೇ ಮುದಿಯಾದ ಕಾರಿಗೆ ಮರ್ಯಾದೆ ಬಂದಿದೆ. ಬಣ್ಣ ಯಾರು ಬೇಕಾದರೂ ಹೊಡೆಸಬಹುದು. ಅರವತ್ತು ವರ್ಷದ ಹಳೆ ಬಣ್ಣವನ್ನು ಯಾವ ಗ್ಯಾರೇಜೂ ಮಾಡಿಕೊಡದು.

ಅಂಥ ಕಾರು ಹೆಚ್ಚು ಓಡಿರದಿದ್ದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. 1965ರಿಂದ ಕಾರ್ವೆಟ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂತು. ಬ್ರೇಕ್ ಆಯಿಲ್ ತೇವ ಹೀರುತ್ತದೆ, ನಿಂತ ಕಾರಿನ ಕ್ಯಾಲಿಪರಿನ ಕಬ್ಬಿಣದ ಒಳಗೋಡೆ ತುಕ್ಕಿನಿಂದ ಹಳ್ಳ ಬೀಳುತ್ತದೆ, ಆಯಿಲ್ ಸೋರುತ್ತದೆ. ಪ್ರತಿ ಭಾನುವಾರ ಹತ್ತು ಮೈಲಿ ಓಡಿದ ಕಾರಿಗಿಂತ ಹತ್ತು ವರ್ಷ ಚಾದರ ಹೊದ್ದು ಮಲಗಿದ ಕಾರೇ ನಿಲ್ಲಲು ಒಪ್ಪುವುದಿಲ್ಲ. ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಕೂರಿಸುವುದು ಇದಕ್ಕೆ ಪರಿಹಾರ. ಅದು ಹೊರಗೆ ಕಾಣುವುದಿಲ್ಲವಾದ್ದರಿಂದ ಅಂಕವೂ ಹೋಗುವುದಿಲ್ಲ.

ಬಚ್ಚಿಟ್ಟವರ ಕಥೆಯೂ ಇದೆ. ಉರುಳಿದಾಗ ತಲೆ ಕಾಯುವ ನಿಯಮ ಬರುತ್ತದೆಂಬ ಭಯದಲ್ಲಿ ಎಪ್ಪತ್ತರ ದಶಕದಲ್ಲಿ ಅಮೆರಿಕದ ಕಂಪನಿಗಳು ಕನ್ವರ್ಟಿಬಲ್‌ಗಳನ್ನು ಒಂದೊಂದಾಗಿ ನಿಲ್ಲಿಸಿದವು. ಕಾರ್ವೆಟ್ ಕನ್ವರ್ಟಿಬಲ್ 1975ರಲ್ಲಿ 4,629ಕ್ಕೆ ಇಳಿದು ನಿಂತಿತು, ಮತ್ತೆ ಬಂದದ್ದು 1986ರಲ್ಲಿ. 1976ರ ಕ್ಯಾಡಿಲಾಕ್ ಎಲ್‌ಡೊರಾಡೊವನ್ನು ಕೊನೆಯ ಅಮೆರಿಕನ್ ಕನ್ವರ್ಟಿಬಲ್ ಎಂದು ಸಾರಿ 14,000 ಮಾರಿದರು. ಜನ ಮುಗಿಬಿದ್ದು ಕೊಂಡು ಓಡಿಸದೆ ಇಟ್ಟರು. ಎಂಟು ವರ್ಷಕ್ಕೆ ಕಂಪನಿ ಮತ್ತೆ ಎಲ್‌ಡೊರಾಡೊ ಕನ್ವರ್ಟಿಬಲ್ ತಂದಾಗ ಮೋಸವಾಯಿತೆಂದು ಕೋರ್ಟಿಗೆ ಹೋದರು. ಎಲ್ಲರೂ ಬಚ್ಚಿಟ್ಟದ್ದು ಅಪರೂಪವಾಗುವುದಾದರೂ ಹೇಗೆ?

ಬಚ್ಚಿಡದೆಯೂ ಅಪರೂಪವಾದ ಕಾರುಗಳಿವೆ. ಕಾರ್ವೆಟ್ ಮ್ಯೂಸಿಯಂನಲ್ಲಿ 2014ರ ಫೆಬ್ರುವರಿ 12ರ ಬೆಳಗಿನ ಜಾವ ನೆಲ ಕುಸಿದು ಎಂಟು ಕಾರುಗಳು ಹಳ್ಳಕ್ಕೆ ಬಿದ್ದವು. ಮೂರನ್ನು ಸರಿಪಡಿಸಿದರು, ಅವುಗಳಲ್ಲೊಂದು 1962ರ ಕಪ್ಪು ಕಾರು. ಉಳಿದ ಐದನ್ನು ನಜ್ಜುಗುಜ್ಜಾದಂತೆಯೇ ಇಟ್ಟಿದ್ದಾರೆ. ಜನ ಆ ಐದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆಂದರೆ ನನಗೇನೂ ಆಶ್ಚರ್ಯವಿಲ್ಲ.

ಅಮೆರಿಕದಲ್ಲಿರುವ ನಮ್ಮವರಲ್ಲಿ ಯಾರಿಗಾದರೂ ಇಂಥದೊಂದನ್ನು ಊರಿಗೆ ತರುವ ಆಸೆಯಿದ್ದರೆ ದಾರಿ ಮೊದಲಿನಷ್ಟು ಮುಚ್ಚಿಲ್ಲ. ಹಿಂದೆ 1950ಕ್ಕೆ ಮೊದಲು ತಯಾರಾದ ಕಾರುಗಳಿಗಷ್ಟೇ ಬಾಗಿಲು ತೆರೆದಿತ್ತು. 2025ರಿಂದ ಐವತ್ತು ವರ್ಷ ದಾಟಿದ ಗಾಡಿಗಳಿಗೂ ಅವಕಾಶ ಸಿಕ್ಕಿದೆ. ಸುಂಕ ಮಾತ್ರ ಕಣ್ಣು ಕತ್ತಲೆ ಬರಿಸುವಷ್ಟಿದೆ. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರ, ಹತ್ತು ವರ್ಷದ ಅವಧಿ. ದಿನಬಳಕೆಗೆ ಓಡಿಸುವಂತಿಲ್ಲ. ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕೆಂದು ನಮ್ಮ ನಿಯಮವೂ ಹೇಳುತ್ತದೆ.

ಕೊಳ್ಳುವ ಮೊದಲು ಬಣ್ಣ ನೋಡಬೇಡಿ. ಟಾಪ್ ಏರಿಸಿ ಗಾಜಿನ ಮೇಲೆ ಒಂದು ಕೊಡ ನೀರು ಸುರಿಯಿರಿ, ಆಮೇಲೆ ಕಾರ್ಪೆಟ್ ಎತ್ತಿ ಅಡಿ ಒದ್ದೆಯಾಗಿದೆಯೇ ಎಂದು ಕೈಯಿಟ್ಟು ನೋಡಿ. ನೀರು ಸುರಿಯಲು ಒಪ್ಪದ ಮಾಲೀಕನಿಗೆ ಕೈಮುಗಿದು ವಾಪಸು ಬನ್ನಿ.